ಹಳ್ಳಿಯ ರಸ್ತೆಗೆ, ಕಾಲುಸಂಕಕ್ಕೆ ಹಣ ಎಲ್ಲಿಂದ ಬರುತ್ತದೆ?



ಮಳೆಗಾಲ ಬಂತೆಂದರೆ ಮಲೆನಾಡು ಮತ್ತು ಕರಾವಳಿಯ ಒಳಹಳ್ಳಿಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ನಮ್ಮ ರಸ್ತೆ ಕೆಸರುಗದ್ದೆಯಾಗಿದೆ". ಇನ್ನೊಂದು, "ನಮ್ಮ ಸಂಕ ಈ ವರ್ಷ ಉಳಿಯುವುದು ಅನುಮಾನ". ಇವುಗಳ ಬೆನ್ನಿಗೇ "ಎಷ್ಟು ಅರ್ಜಿ ಕೊಟ್ಟರೂ ಪ್ರಯೋಜನವಿಲ್ಲ" ಎಂಬ ಮೂರನೆಯ ಮಾತೂ ಬರುತ್ತದೆ. ಗ್ರಾಮೀಣ ರಸ್ತೆಗಳಿಗೆ ಸರಕಾರದ ಹಣವೇ ಇಲ್ಲವೆಂದಲ್ಲ. ಆ ಹಣ ಒಂದೇ ಕಡೆ ಇಲ್ಲ. ಹಲವು ಯೋಜನೆಗಳಲ್ಲಿ ಹಂಚಿಹೋಗಿದೆ. ಪ್ರತಿಯೊಂದು ಯೋಜನೆಗೂ ತನ್ನದೇ ಅಳತೆಗೋಲು ಇದೆ. ನಮ್ಮ ರಸ್ತೆ ಯಾವ ಅಳತೆಗೆ ಹೊಂದುತ್ತದೆ ಎಂಬುದನ್ನು ತಿಳಿಯದೆ ಕೊಟ್ಟ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಆದುದರಿಂದ ಈ ಯೋಜನೆಗಳ ಬಗ್ಗೆ ಸಾಮಾನ್ಯ ತಿಳಿವಳಿಕೆ ನಮಗೆಲ್ಲರಿಗೂ ಅಗತ್ಯ.

ಉದಾಹರಣೆಗೆ ಚಿಕ್ಕಮಗಳೂರು ಜಿಲ್ಲೆ ನರಸಿಂಹರಾಜಪುರ ತಾಲೂಕಿನ ಮುತ್ತಿನಕೊಪ್ಪದ ಕಡೆಯ ಪರಿಸ್ಥಿತಿಯನ್ನು ತೆಗೆದುಕೊಳ್ಳೋಣ. ಮುಖ್ಯ ರಸ್ತೆಯಲ್ಲಿ ಬಸ್ಸು ಓಡುತ್ತದೆ. ಆದರೆ ಮನೆಗಳಿರುವುದು ಮುಖ್ಯ ರಸ್ತೆಯ ಬದಿಯಲ್ಲಲ್ಲ. ಅಡಿಕೆ ತೋಟ, ಗದ್ದೆ ಮತ್ತು ಕಾಡಿನ ನಡುವೆ, ಹಳ್ಳದ ಆಚೆ ಈಚೆ. ಇಲ್ಲಿ ನಾಲ್ಕು ಮನೆ, ಅಲ್ಲಿ ಆರು ಮನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲೂಕುಗಳ ಸ್ವರೂಪ ಇದೇ. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳ ಬಂಧುಗಳು ಘಟ್ಟದ ಮೇಲೆ ತೋಟಗಳಲ್ಲಿ ನೆಲೆಸಿದ್ದಾರೆ. ಆಡಳಿತದ ಸಂಬಂಧವೂ ಇದೆ. ಈ ಭಾಗ ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ಶೃಂಗೇರಿ ಕ್ಷೇತ್ರ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಭಾಗ. ಕುಂದಾಪುರ, ಉಡುಪಿ, ಕಾಪು, ಕಾರ್ಕಳದವರಿಗೂ ಇವರಿಗೂ ಸಂಸದರು ಒಬ್ಬರೇ.

ಮೊದಲು ತಿಳಿಯಬೇಕಾದುದು: ರಸ್ತೆ ಯಾರದು?

ರಸ್ತೆಗಳಲ್ಲಿ ದರ್ಜೆಗಳಿವೆ: ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಇತರ ಜಿಲ್ಲಾ ರಸ್ತೆ, ಗ್ರಾಮ ರಸ್ತೆ. ಮಂಗಳೂರಿನಿಂದ ಕಾರ್ಕಳ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಮಾರ್ಗವಾಗಿ ಶಿವಮೊಗ್ಗಕ್ಕೆ ಹೋಗುವ ರಸ್ತೆ 169ನೇ ರಾಷ್ಟ್ರೀಯ ಹೆದ್ದಾರಿ. ಅದರ ಹೊಂಡ ಮುಚ್ಚಲು ಗ್ರಾಮ ಪಂಚಾಯಿತಿಗೆ ಅಧಿಕಾರವೂ ಇಲ್ಲ, ಹಣವೂ ಇಲ್ಲ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಅದರ ಕೆಳಗಿನ ಗ್ರಾಮೀಣ ರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ಮತ್ತು ಗ್ರಾಮ ಪಂಚಾಯಿತಿಗಳು ನೋಡಿಕೊಳ್ಳುತ್ತವೆ. ಲೋಕೋಪಯೋಗಿ ಇಲಾಖೆಯ ರಸ್ತೆಗಾಗಿ ಪಂಚಾಯಿತಿಗೆ, ಪಂಚಾಯಿತಿ ರಸ್ತೆಗಾಗಿ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯುವವರಿದ್ದಾರೆ. ಆದುದರಿಂದ ಮೊದಲ ಕೆಲಸ, ನಮ್ಮ ರಸ್ತೆ ಯಾರ ಪಟ್ಟಿಯಲ್ಲಿದೆ ಎಂಬುದನ್ನು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸುವುದು. ಯಾರ ಪಟ್ಟಿಯಲ್ಲೂ ಇಲ್ಲದಿದ್ದರೆ ಅದನ್ನು ಪಟ್ಟಿಗೆ ಸೇರಿಸುವುದೇ ಮೊದಲ ಬೇಡಿಕೆಯಾಗಬೇಕು.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮತ್ತು 500ರ ಲೆಕ್ಕ

ಗ್ರಾಮೀಣ ರಸ್ತೆಗಳಿಗೆ ದೇಶದಲ್ಲೇ ದೊಡ್ಡ ಯೋಜನೆ ಇದು. 2000ದ ಡಿಸೆಂಬರ್ 25ರಂದು ಆರಂಭವಾಯಿತು. ಮೊದಲು ಪೂರ್ಣ ವೆಚ್ಚವನ್ನು ಕೇಂದ್ರವೇ ಭರಿಸುತ್ತಿತ್ತು. 2015-16ರಿಂದ ಕರ್ನಾಟಕದಂತಹ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40 ಭಾಗ ಕೊಡುತ್ತವೆ. ನಮ್ಮ ರಾಜ್ಯದಲ್ಲಿ ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆ ಇದನ್ನು ನಿರ್ವಹಿಸುತ್ತದೆ.

ರಸ್ತೆ ಸಂಪರ್ಕವಿಲ್ಲದ ಜನವಸತಿಗಳಿಗೆ ಸರ್ವಋತು ರಸ್ತೆ ಒದಗಿಸುವುದು ಇದರ ಮೂಲ ಉದ್ದೇಶ. ಆದರೆ ಯಾವ ಜನವಸತಿ ಎಂಬುದಕ್ಕೆ ಜನಸಂಖ್ಯೆಯ ಮಿತಿಯಿದೆ. ಬಯಲು ಪ್ರದೇಶದಲ್ಲಿ 500 ಜನ ಇರಬೇಕು. ಗುಡ್ಡಗಾಡು ರಾಜ್ಯಗಳು, ಮರುಭೂಮಿ ಪ್ರದೇಶ ಮತ್ತು ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ 250 ಜನ ಇದ್ದರೆ ಸಾಕು. ಇಲ್ಲಿಯೇ ಮಲೆನಾಡಿನ ತೊಡಕು ಇದೆ. ಗುಡ್ಡಗಾಡು ರಾಜ್ಯಗಳೆಂದರೆ ಹಿಮಾಚಲ, ಉತ್ತರಾಖಂಡ, ಈಶಾನ್ಯ ರಾಜ್ಯಗಳು ಮುಂತಾದವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಐದನೇ ಅನುಸೂಚಿಯ ಪ್ರದೇಶವೂ ಕರ್ನಾಟಕದಲ್ಲಿಲ್ಲ. ಹಾಗಾಗಿ ಶೃಂಗೇರಿಯ ಬೆಟ್ಟದ ಬುಡವೂ ಈ ಲೆಕ್ಕದಲ್ಲಿ ಬಯಲುಸೀಮೆಯೇ.

ಇನ್ನೊಂದು ನಿಯಮವಿದೆ. ಅರ್ಧ ಕಿಲೋಮೀಟರ್ ಸುತ್ತಳತೆಯಲ್ಲಿರುವ ಮನೆಗುಂಪುಗಳ ಜನಸಂಖ್ಯೆಯನ್ನು ಒಟ್ಟು ಸೇರಿಸಿ ಲೆಕ್ಕ ಹಾಕಬಹುದು. ಗುಡ್ಡಗಾಡು ಪ್ರದೇಶದಲ್ಲಾದರೆ ದಾರಿಯ ದೂರ ಒಂದೂವರೆ ಕಿಲೋಮೀಟರ್ ವರೆಗೆ. ಬಯಲುಸೀಮೆಯಲ್ಲಿ ಊರೆಂದರೆ ಒಂದೇ ಕಡೆ ನೂರಾರು ಮನೆ. ಅರ್ಧ ಕಿಲೋಮೀಟರಿನಲ್ಲಿ ಸಾವಿರ ಜನ ಸಿಗುತ್ತಾರೆ. ಮಲೆನಾಡಿನಲ್ಲಿ 40 ಮನೆಗಳ ಊರೆಂದರೆ ದೊಡ್ಡ ಊರು. ಮನೆಗೆ ಐದು ಜನರೆಂದು ಹಿಡಿದರೂ 200 ದಾಟುವುದಿಲ್ಲ. ಅವೂ ಒಂದರಿಂದ ಒಂದು ದೂರ ದೂರ. ಹೀಗೆ ಮುತ್ತಿನಕೊಪ್ಪದಂತಹ ಕಡೆಯ ಒಳಗಿನ ಮನೆಗುಂಪುಗಳು ದೇಶದ ಅತಿ ದೊಡ್ಡ ಯೋಜನೆಯ ಅಳತೆಗೋಲಿನಿಂದ ಕೆಳಗೆ ಉಳಿದುಬಿಡುತ್ತವೆ. ಇದು ಯಾವೊಬ್ಬ ಅಧಿಕಾರಿಯ ನಿರ್ಲಕ್ಷ್ಯವಲ್ಲ; ನಿಯಮದ ರಚನೆಯೇ ಹಾಗಿದೆ.

ಈ ಯೋಜನೆಯ ಎರಡನೇ ಹಂತ 2013ರಲ್ಲಿ, ಮೂರನೇ ಹಂತ 2019ರಲ್ಲಿ ಬಂದವು. ಮೂರನೇ ಹಂತದಲ್ಲಿ ಹೊಸ ಸಂಪರ್ಕಕ್ಕಿಂತ ಮಾರುಕಟ್ಟೆ, ಪ್ರೌಢಶಾಲೆ ಮತ್ತು ಆಸ್ಪತ್ರೆಗಳಿಗೆ ಹೋಗುವ ಮುಖ್ಯ ಗ್ರಾಮೀಣ ರಸ್ತೆಗಳ ಸುಧಾರಣೆಗೆ ಆದ್ಯತೆ ನೀಡಲಾಯಿತು. ನಾಲ್ಕನೇ ಹಂತಕ್ಕೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ನೀಡಿತು. 2024-25ರಿಂದ 2028-29ರ ವರೆಗೆ 25,000 ಜನವಸತಿಗಳಿಗೆ 62,500 ಕಿಲೋಮೀಟರ್ ರಸ್ತೆ, ಒಟ್ಟು ವೆಚ್ಚ 70,125 ಕೋಟಿ ರೂಪಾಯಿ. ಇಲ್ಲಿ 2011ರ ಜನಗಣತಿಯೇ ಆಧಾರ, ಬಯಲಿಗೆ ಮಿತಿ ಮತ್ತೆ 500.

2023ರ ನವೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಜನಮನ್ ಅಭಿಯಾನದಡಿ ವಿಶೇಷವಾಗಿ ದುರ್ಬಲರಾದ ಬುಡಕಟ್ಟುಗಳ ಜನವಸತಿಗಳಿಗೆ 100 ಜನರ ಮಿತಿಯಲ್ಲೇ ರಸ್ತೆ ದೊರೆಯಲು ಅವಕಾಶವಿದೆ. ಕರ್ನಾಟಕದಲ್ಲಿ ಈ ವರ್ಗಕ್ಕೆ ಸೇರಿದವರು ಕೊರಗರು ಮತ್ತು ಜೇನುಕುರುಬರು. ಕರಾವಳಿಯ ಕೊರಗರ ಕಾಲೊನಿಗಳ ಜೊತೆ ಕೆಲಸ ಮಾಡುವವರು ಇದನ್ನು ಗಮನಿಸಬೇಕು. ಕೊಪ್ಪ, ಶೃಂಗೇರಿ ಭಾಗದ ಮಲೆಕುಡಿಯರು, ಹಸಲರು ಪರಿಶಿಷ್ಟರಾದರೂ ಈ ವಿಶೇಷ ಪಟ್ಟಿಯಲ್ಲಿಲ್ಲ.

ರಾಜ್ಯದ ಯೋಜನೆಗಳು

ಕೇಂದ್ರದ ಮಿತಿಗೆ ಸಿಗದ ರಸ್ತೆಗಳಿಗಾಗಿ ರಾಜ್ಯ ಸರಕಾರ 'ನಮ್ಮ ಗ್ರಾಮ ನಮ್ಮ ರಸ್ತೆ' ಯೋಜನೆಯನ್ನು ಹಲವು ಹಂತಗಳಲ್ಲಿ ಕೈಗೊಂಡಿತು. 2024-25ರ ರಾಜ್ಯ ಬಜೆಟ್ಟಿನಲ್ಲಿ 189 ಗ್ರಾಮೀಣ ವಿಧಾನಸಭಾ ಕ್ಷೇತ್ರಗಳಿಗಾಗಿ 'ಪ್ರಗತಿ ಪಥ' ಎಂಬ ಯೋಜನೆಯನ್ನು ಪ್ರಕಟಿಸಲಾಯಿತು. ಇಂತಹ ಯೋಜನೆಗಳಲ್ಲಿ ಯಾವ ರಸ್ತೆ ಎಂಬುದರ ಆಯ್ಕೆಯಲ್ಲಿ ಕ್ಷೇತ್ರದ ಶಾಸಕರ ಮಾತಿಗೆ ಬೆಲೆಯಿದೆ.

ಸೇತುವೆಗಳಿಗೆ ಮುಖ್ಯವಾದ ಇನ್ನೊಂದು ಮೂಲ ನಬಾರ್ಡ್. 1995-96ರಲ್ಲಿ ಸ್ಥಾಪನೆಯಾದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿಯಿಂದ ನಬಾರ್ಡ್ ರಾಜ್ಯಗಳಿಗೆ ಸಾಲ ಕೊಡುತ್ತದೆ. ಗ್ರಾಮೀಣ ರಸ್ತೆ, ಸೇತುವೆಗಳ ವೆಚ್ಚದ 80 ಶೇಕಡಾದಷ್ಟು ಈ ಸಾಲದಿಂದ ಸಿಗುತ್ತದೆ. ಇದು ಅನುದಾನವಲ್ಲ, ರಾಜ್ಯ ಮರುಪಾವತಿ ಮಾಡಬೇಕಾದ ಸಾಲ. ಸೇತುವೆಯ ಫಲಕದಲ್ಲಿ ನಬಾರ್ಡ್ ಹೆಸರು ಕಂಡರೆ ಅರ್ಥ ಇದು.

ಶಿವಮೊಗ್ಗದಲ್ಲಿ ಕೇಂದ್ರ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯನ್ನು ನಮ್ಮವರು ಹೆಚ್ಚು ನೆನೆಯುವುದಿಲ್ಲ. 1991ರ ಕಾಯಿದೆಯಂತೆ ರಚನೆಯಾದ ಈ ಮಂಡಳಿಯ ವ್ಯಾಪ್ತಿ 13 ಜಿಲ್ಲೆಗಳು. ಕರಾವಳಿ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಸಂಪರ್ಕ ರಸ್ತೆ, ಕಿರುಸೇತುವೆ, ತೂಗುಸೇತುವೆ, ಕಾಲುಸಂಕ ಇದರ ಮುಖ್ಯ ಕಾಮಗಾರಿಗಳು. ಮಲೆನಾಡಿನ ಸ್ವರೂಪವನ್ನು ನೋಡಿಯೇ ರಚನೆಯಾದ ಸಂಸ್ಥೆಯಾದುದರಿಂದ 500 ಜನರ ಮಿತಿಯ ಕಾಟ ಇಲ್ಲಿ ಇಲ್ಲ. ಆದರೆ ಸಿಗುವ ಮೊತ್ತ ಸಣ್ಣದು. ಹಿಂದೆ 1974-75ರಲ್ಲಿ ಆರಂಭವಾದ ಪಶ್ಚಿಮ ಘಟ್ಟ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಕೇಂದ್ರದಿಂದಲೂ ಇಂತಹ ಕೆಲಸಗಳಿಗೆ ನೆರವಿತ್ತು; ಅದು ಈಗ ಇಲ್ಲ. ಇನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕಾಲೊನಿಗಳ ರಸ್ತೆಗೆ 2013ರ ವಿಶೇಷ ಉಪಯೋಜನೆ ಕಾಯಿದೆಯಡಿ ಮೀಸಲಾದ ಹಣ ಇದೆ. ಅದು ಆ ಕಾಲೊನಿಗಳಿಗೇ ಸಲ್ಲಬೇಕು.

ಸಂಸದರ ನಿಧಿ, ಶಾಸಕರ ನಿಧಿ: ಎಷ್ಟು ಸಾಕಾಗುತ್ತದೆ?

ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ 1993ರ ಡಿಸೆಂಬರಿನಲ್ಲಿ ಆರಂಭವಾಯಿತು. 2011-12ರಿಂದ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಸಂಸದರು ಶಿಫಾರಸು ಮಾಡುತ್ತಾರೆ. ಮಂಜೂರು ಮಾಡಿ ಹಣ ಬಿಡುಗಡೆ ಮಾಡುವುದು ಜಿಲ್ಲಾಡಳಿತ. ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಸಮನಾಗಿ ಹಂಚಿದರೆ ಒಂದಕ್ಕೆ 62.5 ಲಕ್ಷ ರೂಪಾಯಿ. ಅದರಲ್ಲೇ ಶಾಲೆ, ಕುಡಿಯುವ ನೀರು, ಸಮುದಾಯ ಭವನ ಎಲ್ಲವೂ ಬರಬೇಕು. ಶಾಸಕರ ನಿಧಿ ಕರ್ನಾಟಕದಲ್ಲಿ ವರ್ಷಕ್ಕೆ 2 ಕೋಟಿ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತದ 70,125 ಕೋಟಿಯನ್ನು 62,500 ಕಿಲೋಮೀಟರಿಗೆ ಭಾಗಿಸಿದರೆ, ಸೇತುವೆಗಳೂ ಸೇರಿ ಒಂದು ಕಿಲೋಮೀಟರಿಗೆ ಸರಾಸರಿ 1.12 ಕೋಟಿ ಬೀಳುತ್ತದೆ. ಆ ದರದಲ್ಲಿ ಶಾಸಕರ ಇಡೀ ವರ್ಷದ ನಿಧಿಯಿಂದ ಎರಡು ಕಿಲೋಮೀಟರ್ ರಸ್ತೆಯೂ ಆಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕಾಂಕ್ರೀಟ್ ರಸ್ತೆ ನೂರು ಮೀಟರ್ ಬಂದು ನಿಂತು, ಮತ್ತೆ ಮಣ್ಣು ರಸ್ತೆ ಶುರುವಾಗುವುದಕ್ಕೆ ಒಂದು ಕಾರಣ ಈ ಲೆಕ್ಕದಲ್ಲಿದೆ. ಸಣ್ಣ ನಿಧಿಯನ್ನು ಹಲವರಿಗೆ ಹಂಚಿದಾಗ ಎಲ್ಲರಿಗೂ ತುಂಡು ತುಂಡು ರಸ್ತೆ ಸಿಗುತ್ತದೆ. ಈ ನಿಧಿಗಳು ಮೋರಿ, ಕಾಲುಸಂಕ, ಕಡಿದಾದ ಏರಿಗೆ ಕಾಂಕ್ರೀಟ್ ಹಾಕುವಂತಹ ಸಣ್ಣ ಕೆಲಸಗಳಿಗೆ ಹೆಚ್ಚು ಸೂಕ್ತ. ಐದು ಕಿಲೋಮೀಟರ್ ರಸ್ತೆಯನ್ನು ಅಲ್ಲಿ ಕೇಳಿದರೆ ಭರವಸೆ ಸಿಗಬಹುದು, ರಸ್ತೆ ಸಿಗುವುದು ಕಷ್ಟ.

ಪಂಚಾಯಿತಿಯ ಕೈಯಲ್ಲಿರುವ ಹಣ

ಗ್ರಾಮ ಪಂಚಾಯಿತಿಗೆ ತನ್ನ ತೆರಿಗೆಯ ಹಣ ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನ ಇದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಮಾರ್ಚ್ ವರೆಗಿನ ಅವಧಿಗೆ ನೀಡಿದ ಅನುದಾನದಲ್ಲಿ 60 ಶೇಕಡಾ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು ಎಂದು ಷರತ್ತಿತ್ತು. ರಸ್ತೆಯಂತಹ ಕೆಲಸಕ್ಕೆ ಉಳಿದ 40 ಶೇಕಡಾದಲ್ಲೇ ಹುಡುಕಬೇಕಾಯಿತು. "ಪಂಚಾಯಿತಿಯಲ್ಲಿ ಹಣವಿದ್ದೂ ರಸ್ತೆ ಮಾಡುತ್ತಿಲ್ಲ" ಎಂದು ದೂರುವ ಮೊದಲು ಇದು ಗೊತ್ತಿರಬೇಕು.

2005ರ ಉದ್ಯೋಗ ಖಾತರಿ ಕಾಯಿದೆಯಡಿ ನಮ್ಮ ಭಾಗದಲ್ಲಿ ಮಣ್ಣು ರಸ್ತೆ, ಚರಂಡಿ, ಮೋರಿ ಮತ್ತು ಕಾಲುಸಂಕಗಳೂ ಆಗಿವೆ. ಆದರೆ ಅದರ ಗುರಿ ಕೂಲಿಯವರಿಗೆ ಕೆಲಸ. ವೆಚ್ಚದಲ್ಲಿ ಕನಿಷ್ಠ 60 ಭಾಗ ಕೂಲಿಗೆ ಹೋಗಬೇಕೆಂಬ ನಿಯಮದಿಂದಾಗಿ ಸಿಮೆಂಟು, ಕಬ್ಬಿಣ ಹೆಚ್ಚು ಬೇಡುವ ಕೆಲಸಗಳಿಗೆ ಇತಿಮಿತಿ ಇತ್ತು. ಈ ಕಾಯಿದೆಗೆ ಬದಲಾಗಿ ಸಂಸತ್ತು 2025ರ ಡಿಸೆಂಬರಿನಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿದೆ. ಅದರಲ್ಲಿ ಕೆಲಸದ ಖಾತರಿ ದಿನಗಳು 100ರ ಬದಲು 125; ವೆಚ್ಚದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಯಾವ ಕಾಮಗಾರಿಗೆ ಅವಕಾಶವಿದೆ ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಕಾಲುಸಂಕ: ಸಣ್ಣ ಕೆಲಸ, ದೊಡ್ಡ ಪ್ರಶ್ನೆ

ರಸ್ತೆ ಕೆಟ್ಟರೆ ತಡವಾಗುತ್ತದೆ. ಸಂಕ ಕೆಟ್ಟರೆ ಜೀವ ಹೋಗುತ್ತದೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ಮೃತಪಟ್ಟಳು. ಅಡಿಕೆ ಮರದ ಸಂಕಗಳ ಮೇಲೆ ಮಕ್ಕಳು ಶಾಲೆಗೆ ಹೋಗುವ ಊರುಗಳು ಘಟ್ಟದ ಮೇಲೂ ಕೆಳಗೂ ಇನ್ನೂ ಇವೆ. ಕಳೆದ ದಶಕದ ಕೊನೆಯಲ್ಲಿ ಲೋಕೋಪಯೋಗಿ ಇಲಾಖೆಯ ಮೂಲಕ 'ಶಾಲಾ ಸಂಪರ್ಕ ಸೇತು' ಎಂಬ ಹೆಸರಿನಲ್ಲಿ ಮಲೆನಾಡು ಮತ್ತು ಕರಾವಳಿಯಲ್ಲಿ ಕಿರುಸೇತುವೆಗಳನ್ನು ಕೈಗೊಳ್ಳಲಾಯಿತು. ಇಲ್ಲಿ ಜನಸಂಖ್ಯೆಗಿಂತ ಶಾಲೆಗೆ ಹೋಗುವ ಮಕ್ಕಳ ದಾರಿ ಮುಖ್ಯವಾಯಿತು ಎಂಬುದು ಗಮನಾರ್ಹ.

ಹಣಕ್ಕೆ ತಕ್ಕ ತಂತ್ರವೂ ಇದೆ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಅನಂತರ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ವಾಹನ ಸೇತುವೆಗೆ ಬೇಕಾಗುವ ಹಣದ ಒಂದು ಸಣ್ಣ ಪಾಲಿನಲ್ಲಿ ತೂಗುಸೇತುವೆ ಆಗುತ್ತದೆ. ದೊಡ್ಡ ಸೇತುವೆ ಮಂಜೂರಾಗುವ ತನಕ ಮಕ್ಕಳೂ ರೋಗಿಗಳೂ ಕಾಯಬೇಕಾಗಿಲ್ಲ. ಸೇತುವೆಯ ಎತ್ತರವೂ ಮುಖ್ಯ. ಕಳಸ-ಹೊರನಾಡು ನಡುವೆ ಭದ್ರಾ ನದಿಯ ಹೆಬ್ಬಾಳೆ ಸೇತುವೆ ತಗ್ಗಿನಲ್ಲಿದ್ದುದರಿಂದ ಮಳೆಗಾಲದಲ್ಲಿ ಮತ್ತೆ ಮತ್ತೆ ಮುಳುಗಿ ಸಂಚಾರ ನಿಂತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ.

ಜಾಗದ ದಾಖಲೆ ಮತ್ತು ಕಾಡಿನ ಅನುಮತಿ

ಮಂಜೂರಾದ ರಸ್ತೆ ನಿಂತುಹೋಗುವುದು ಹೆಚ್ಚಾಗಿ ಜಾಗದ ವಿಷಯದಲ್ಲಿ. ಗ್ರಾಮ ಸಡಕ್ ಯೋಜನೆಯಲ್ಲಿ ಜಾಗ ಖರೀದಿಗೆ ಹಣವಿಲ್ಲ. ಜಾಗ ಒದಗಿಸುವುದು ರಾಜ್ಯದ ಮತ್ತು ಊರಿನ ಹೊಣೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿರುತ್ತಾರೆ. 'ನಕಾಶೆ ಕಂಡ ದಾರಿ'ಯಾದರೆ ಯಾರೂ ಅಡ್ಡಿ ಮಾಡುವಂತಿಲ್ಲ. ನಕಾಶೆಯಲ್ಲಿ ಇಲ್ಲದೆ, ಹಿರಿಯರ ಕಾಲದಿಂದ ಬಾಯಿಮಾತಿನ ಒಪ್ಪಿಗೆಯಲ್ಲಿ ತೋಟದೊಳಗೆ ನಡೆದುಬಂದ ದಾರಿಯಾದರೆ, ಜಾಗದ ಮಾಲಕರು ಪಂಚಾಯಿತಿ ಹೆಸರಿಗೆ ದಾನಪತ್ರ ಬರೆದು ನೋಂದಣಿ ಮಾಡಿಕೊಡಬೇಕು. ತಂದೆಯವರು ಬಿಟ್ಟ ದಾರಿಯನ್ನು ಪಾಲಾದ ಮೇಲೆ ಮಕ್ಕಳು ಮುಚ್ಚಿದ ಉದಾಹರಣೆಗಳು ಎಲ್ಲ ಊರುಗಳಲ್ಲೂ ಇವೆ. ಖಾಸಗಿ ತೋಟದ ಒಳರಸ್ತೆಗೆ ಸಾರ್ವಜನಿಕ ಹಣ ಹಾಕುವಂತಿಲ್ಲ.

ಮಲೆನಾಡಿನಲ್ಲಿ ದಾರಿ ಕಾಡನ್ನು ದಾಟುವುದು ಸಾಮಾನ್ಯ. "ಅರಣ್ಯ ಇಲಾಖೆ ಬಿಡುವುದಿಲ್ಲ" ಎಂದು ಕೈಬಿಡುವ ಮೊದಲು 2006ರ ಅರಣ್ಯ ಹಕ್ಕು ಕಾಯಿದೆಯ ಸೆಕ್ಷನ್ 3(2)ನ್ನು ನೋಡಬೇಕು. ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರು ಮುಂತಾದ 13 ಬಗೆಯ ಸೌಕರ್ಯಗಳಿಗೆ, ಪ್ರತಿ ಪ್ರಕರಣದಲ್ಲಿ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಬಳಸಲು ಅದು ಅವಕಾಶ ಕೊಡುತ್ತದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಕಡ್ಡಾಯ. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ವನ್ಯಜೀವಿ ಕಾಯಿದೆಯ ಬಿಗಿಯೂ ಸೇರಿಕೊಳ್ಳುತ್ತದೆ.

ಚರ್ಚ್ ರಸ್ತೆಯ ವಿಷಯ

ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಸಂಸದರ ನಿಧಿಯ ನಿಯಮದಂತೆ ಆರಾಧನಾ ಸ್ಥಳದ ಒಳಗೆ ಮತ್ತು ಧಾರ್ಮಿಕ ಸಂಸ್ಥೆಗೆ ಸೇರಿದ ಜಾಗದಲ್ಲಿ ಕಾಮಗಾರಿಗೆ ಅವಕಾಶವಿಲ್ಲ. ದೇವಸ್ಥಾನ, ಮಸೀದಿ, ಚರ್ಚ್ ಎಲ್ಲಕ್ಕೂ ಇದು ಒಂದೇ. ಚರ್ಚಿಗೆ ಹೋಗುವ ರಸ್ತೆ ಪಂಚಾಯಿತಿ ರಸ್ತೆಯಾಗಿದ್ದು, ಅದರ ಮೂಲಕ ಇತರ ಮನೆಗಳವರೂ ನಡೆದಾಡುವುದಾದರೆ ಆ ರಸ್ತೆಗೆ ಹಣ ಕೇಳಲು ಅಡ್ಡಿಯಿಲ್ಲ. ಗೇಟಿನ ಒಳಗಿನ ಅಂಗಳ ಮಾತ್ರ ನಮ್ಮದೇ ಜವಾಬ್ದಾರಿ. ಚರ್ಚಿನ ಜಾಗದಲ್ಲಿ ಊರವರ ದಾರಿ ಹಾದುಹೋಗುತ್ತಿದ್ದರೆ ಮೇಲಧಿಕಾರಿಗಳ ಒಪ್ಪಿಗೆ ಪಡೆದು ಅಷ್ಟು ಭಾಗವನ್ನು ಪಂಚಾಯಿತಿಗೆ ಬರೆದುಕೊಡುವ ಬಗ್ಗೆ ಯೋಚಿಸಬಹುದು. ನೆರೆಹೊರೆಯ ಎಲ್ಲರಿಗೂ ಅದರಿಂದ ಉಪಕಾರ.

ನಾವು ಮಾಡಬಹುದಾದುದು

ಮೊದಲನೆಯದಾಗಿ, ಗ್ರಾಮಸಭೆಗೆ ಹೋಗಬೇಕು. ಕನಿಷ್ಠ ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಬೇಕು. ಅದಕ್ಕೆ ಮೊದಲು ವಾರ್ಡ್ ಸಭೆ. ಸಮಾರಂಭದಲ್ಲಿ ಶಾಸಕರ ಕೈಗೆ ಕೊಟ್ಟ ಮನವಿಗಿಂತ ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿದ ಒಂದು ಸಾಲು ಹೆಚ್ಚು ಬಾಳುತ್ತದೆ. ಮುಂದೆ ಯಾವ ಯೋಜನೆ ಬಂದರೂ ಅಧಿಕಾರಿಗಳು ಹುಡುಕುವುದು ಆ ಸಾಲನ್ನೇ.

ಎರಡನೆಯದಾಗಿ, ಬೇಡಿಕೆಯಲ್ಲಿ ವಿವರ ಇರಲಿ. "ನಮಗೆ ರಸ್ತೆ ಬೇಕು" ಎಂದರೆ ಸಾಲದು. ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಎಷ್ಟು ಮನೆ, ಶಾಲೆಗೆ ಹೋಗುವ ಮಕ್ಕಳೆಷ್ಟು, ಹಾಸಿಗೆ ಹಿಡಿದವರೆಷ್ಟು, ಮಳೆಗಾಲದಲ್ಲಿ ಎಷ್ಟು ದಿನ ದಾರಿ ಮುಚ್ಚುತ್ತದೆ, ಜಾಗ ಯಾರದು. ವಾಳೆಯ ಗುರಿಕಾರರು ಮನೆಮನೆಗೆ ಹೋಗುವವರು. ಈ ಲೆಕ್ಕ ಬರೆದುಕೊಳ್ಳುವುದು ಅವರಿಗೆ ಕಷ್ಟವಲ್ಲ. ಆದರೆ ನಮ್ಮ ಮನೆಗಳನ್ನು ಮಾತ್ರ ಎಣಿಸಿ ನಿಲ್ಲಿಸಬಾರದು. ದಾರಿ ಎಲ್ಲರದು, ಎಲ್ಲ ಸಮುದಾಯದವರೂ ಸೇರಿ ಸಹಿ ಮಾಡಿದ ಅರ್ಜಿಗೇ ಬಲ.

ಮೂರನೆಯದಾಗಿ, ಕೆಲಸ ಮುಗಿದ ಮೇಲೂ ಗಮನವಿರಲಿ. ಗ್ರಾಮ ಸಡಕ್ ಯೋಜನೆಯ ರಸ್ತೆಯನ್ನು ಐದು ವರ್ಷ ಗುತ್ತಿಗೆದಾರರೇ ನಿರ್ವಹಿಸಬೇಕು. ಉದ್ದ, ವೆಚ್ಚ, ನಿರ್ವಹಣೆಯ ಅವಧಿ ಎಲ್ಲವೂ ರಸ್ತೆ ಬದಿಯ ಫಲಕದಲ್ಲಿರುತ್ತದೆ. ದೂರು ಕೊಡಲು 2015ರಿಂದ 'ಮೇರಿ ಸಡಕ್' ಎಂಬ ಮೊಬೈಲ್ ವ್ಯವಸ್ಥೆಯಿದೆ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿದರೆ 30 ದಿನಗಳೊಳಗೆ ಮಾಹಿತಿ ಕೊಡಬೇಕು.

ಮಲೆನಾಡಿಗೆ ಬಯಲುಸೀಮೆಯ ಅಳತೆಗೋಲು ಸಲ್ಲದು ಎಂಬ ಮಾತನ್ನು ನಮ್ಮ ಜನಪ್ರತಿನಿಧಿಗಳು ವಿಧಾನಸಭೆಯಲ್ಲೂ ಲೋಕಸಭೆಯಲ್ಲೂ ಹೇಳಬೇಕಾಗಿದೆ. ನಿಯಮ ಬದಲಾಗಲು ಕಾಲ ಬೇಕು. ಅಲ್ಲಿಯ ವರೆಗೆ 20 ಮನೆಗಳ ಊರಿಗೂ ತೆರೆದಿರುವ ಬಾಗಿಲುಗಳಿವೆ: ಮಲೆನಾಡು ಮಂಡಳಿ, ಶಾಸಕರ ನಿಧಿ, ಪಂಚಾಯಿತಿ. ಸರಿಯಾದ ಬಾಗಿಲಿಗೆ, ಸರಿಯಾದ ಕಾಗದಪತ್ರದೊಡನೆ, ಒಟ್ಟಾಗಿ ಹೋಗುವುದು ನಮ್ಮ ಕೈಯಲ್ಲಿದೆ. ಮುಂದಿನ ಗ್ರಾಮಸಭೆ ಯಾವಾಗ ಎಂಬುದನ್ನು ಇಂದೇ ವಿಚಾರಿಸಿ. ಮುಂದಿನ ಮಳೆಗೆ ಮೊದಲು ನಿಮ್ಮ ಊರಿನ ಸಂಕದ ಹೆಸರು ನಡವಳಿ ಪುಸ್ತಕದಲ್ಲಿ ಬರಲಿ.